ಯಾರ್ಕಿನ ದಿಬ್ಬ, ಸುಟ್ಟ ಸಾಲಪತ್ರ, 1290ರ ಗಡೀಪಾರು: ಎಲ್ಲಾ ಬಡ್ಡಿಗಾಗಿಯೇ ಆಯಿತಾ?

ಊರುಬಿಟ್ಟವ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದು ಮೂರು ವರ್ಷ ಆಯಿತು. ಮೊನ್ನೆ ಮಾರ್ಚ್‌ನಲ್ಲಿ ಯಾರ್ಕ್ ನೋಡಲು ಹೋಗಿದ್ದೆ. ಊರ ನಡುವೆ ಒಂದು ಹಸಿರು ದಿಬ್ಬ, ಅದರ ನೆತ್ತಿಯ ಮೇಲೆ ಕಲ್ಲಿನ ಗಿಡ್ಡ ಕೋಟೆ. ಕ್ಲಿಫರ್ಡ್ಸ್ ಟವರ್ ಎನ್ನುತ್ತಾರೆ. ದಿಬ್ಬದ ತುಂಬಾ ಹಳದಿ ಡ್ಯಾಫೊಡಿಲ್ ಹೂ. ನಾನೂ ಎಲ್ಲರ ಹಾಗೆ ಮೊದಲು ಫೋಟೋ ತೆಗೆದೆ. ಆಮೇಲೆ ಕೆಳಗಿದ್ದ ಫಲಕ ಓದಿದೆ. ತೆಗೆದ ಫೋಟೋ ಯಾರಿಗೂ ಕಳಿಸಲು ಮನಸ್ಸಾಗಲಿಲ್ಲ.

1190ರ ಮಾರ್ಚ್ 16, ಶುಕ್ರವಾರ ರಾತ್ರಿ. ಯಾರ್ಕಿನ ಸುಮಾರು 150 ಯಹೂದಿಗಳು ಜೀವ ಉಳಿಸಿಕೊಳ್ಳಲು ಇದೇ ದಿಬ್ಬದ ಮೇಲಿದ್ದ ರಾಜನ ಕೋಟೆಗೆ ಓಡಿ ಬಂದಿದ್ದರು. ಆಗ ಅದು ಮರದ ಕೋಟೆ. ಹೊರಗೆ ಗುಂಪು ಮುತ್ತಿಗೆ ಹಾಕಿತ್ತು. ಗುಂಪಿನ ಕೈಗೆ ಸಿಕ್ಕುವುದಕ್ಕಿಂತ ಸಾಯುವುದೇ ಮೇಲು ಎಂದು ಹೆಚ್ಚಿನವರು ಒಳಗೇ ಒಬ್ಬರನ್ನೊಬ್ಬರು ಕೊಂದುಕೊಂಡರು. ಹೆಂಡತಿ ಮಕ್ಕಳನ್ನು ಮೊದಲು, ಆಮೇಲೆ ತಮ್ಮನ್ನು. ಜೋನ್ಯಿ ಊರಿನ ರಬ್ಬಿ ಯೋಮ್ ತೋವ್ ಎಂಬವರು ಅವರಿಗೆ ಧೈರ್ಯ ಹೇಳಿದರಂತೆ. ಕೋಟೆಗೆ ಬೆಂಕಿ ಬಿತ್ತು. ಬೆಳಗ್ಗೆ ಉಳಿದ ಕೆಲವರಿಗೆ, ಮತ ಬದಲಿಸಿದರೆ ಜೀವ ಉಳಿಯುತ್ತದೆ ಎಂದು ಹೊರಗಿನವರು ಮಾತು ಕೊಟ್ಟರು. ನಂಬಿ ಹೊರಗೆ ಬಂದವರನ್ನು ಅಲ್ಲೇ ಕೊಂದರು.

ನನ್ನನ್ನು ಕಾಡಿದ್ದು ಆಮೇಲಿನ ಸಂಗತಿ. ಅಷ್ಟಾದ ಮೇಲೆ ಗುಂಪು ಮನೆಗೆ ಹೋಗಲಿಲ್ಲ. ನೇರವಾಗಿ ಊರಿನ ದೊಡ್ಡ ಚರ್ಚ್ ಯಾರ್ಕ್ ಮಿನ್‌ಸ್ಟರ್‌ಗೆ ಹೋಯಿತು. ಯಹೂದಿಗಳು ಕೊಟ್ಟ ಸಾಲದ ಪತ್ರಗಳನ್ನು ಕಾಪಾಡಲು ಅಲ್ಲಿ ಇಟ್ಟಿದ್ದರು. ಅವನ್ನೆಲ್ಲ ತೆಗೆಸಿ ಚರ್ಚಿನ ನಡುವೆಯೇ ರಾಶಿ ಹಾಕಿ ಸುಟ್ಟರು. ಮುಂದಾಳುಗಳಲ್ಲಿ ರಿಚರ್ಡ್ ಮಾಲೆಬಿಸ್ ಎಂಬ ಜಮೀನ್ದಾರನಿದ್ದ. ಅವನ ಕುತ್ತಿಗೆ ಮಟ್ಟ ಸಾಲ.

ನನ್ನ ಪ್ರಶ್ನೆ ಇಷ್ಟೇ. ಯಹೂದಿಗಳು ಬಡ್ಡಿ ವ್ಯಾಪಾರ ಮಾಡಿದರು, ಜನ ರೊಚ್ಚಿಗೆದ್ದರು, ಕೊನೆಗೆ 1290ರಲ್ಲಿ ರಾಜ ಎಲ್ಲರನ್ನೂ ಓಡಿಸಿದ ಎಂದು ಕೇಳಿಕೊಂಡು ಬಂದಿದ್ದೇನೆ. ಅಲ್ಲಿ ನಿಂತಾಗ ಆ ಕಥೆ ಯಾಕೋ ಪೂರ್ತಿ ಅನಿಸಲಿಲ್ಲ. ಕೋಪ ಬಂದವನು ಕಲ್ಲು ಹೊಡೆಯುತ್ತಾನೆ. ಕಾಗದ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುವವನದು ಬೇರೆಯೇ ತಲೆ ಅಲ್ವಾ? ಗೊತ್ತಿರುವವರು ಹೇಳಿ.

ಚಿಲ್ಲರೆಲೆಕ್ಕ · ಭಾನುವಾರ ರಾತ್ರಿ

ಮೊದಲು ಬಡ್ಡಿ ಎಷ್ಟಿತ್ತು ಅಂತ ನೋಡೋಣ. ಸಾಮಾನ್ಯವಾಗಿ ವಾರಕ್ಕೆ ಒಂದು ಪೌಂಡಿಗೆ 2 ಪೆನ್ನಿ. ಆಗ ಒಂದು ಪೌಂಡ್ ಅಂದರೆ 240 ಪೆನ್ನಿ. 52 ವಾರಕ್ಕೆ 104 ಪೆನ್ನಿ. ಅಂದರೆ ವರ್ಷಕ್ಕೆ ನೂರಕ್ಕೆ 43 ಚಿಲ್ಲರೆ. ನಮ್ಮ ಊರ ಲೆಕ್ಕದಲ್ಲಿ ಹೇಳುವುದಾದರೆ ಮೂರೂವರೆ ರೂಪಾಯಿ ಬಡ್ಡಿಗಿಂತ ಸ್ವಲ್ಪ ಜಾಸ್ತಿ. ಇವತ್ತಿಗೂ ಕೈಸಾಲಕ್ಕೆ ಮೂರು ರೂಪಾಯಿ, ಐದು ರೂಪಾಯಿ ಎನ್ನುವವರು ಇದ್ದಾರೆ. ಮೀಟರ್ ಬಡ್ಡಿಯವರ ಮುಂದೆ ಇದು ಏನೂ ಅಲ್ಲ.

ಅಂದ ಮಾತ್ರಕ್ಕೆ ಕಡಿಮೆ ಅಂತ ಹೇಳುತ್ತಿಲ್ಲ. ಎರಡು ವರ್ಷ ನಾಲ್ಕು ತಿಂಗಳು ಸುಮ್ನೆ ಬಿಟ್ಟರೆ ಅಸಲಿನಷ್ಟೇ ಬಡ್ಡಿ ಬೆಳೆಯುತ್ತದೆ. ಜನಕ್ಕೆ ಸಿಟ್ಟು ಬರುವುದು ಸಹಜ.

ಬಿಸಿಬೇಳೆ · ಭಾನುವಾರ ರಾತ್ರಿ

ನಮ್ಮ ಮನುಸ್ಮೃತಿಯಲ್ಲಿ ತಿಂಗಳಿಗೆ ನೂರಕ್ಕೆ ಎರಡು, ಮೂರು, ನಾಲ್ಕು, ಐದು ಅಂತ ಜಾತಿ ನೋಡಿ ದರ ಹೇಳಿದೆ. ಬ್ರಾಹ್ಮಣನಿಗೆ ಎರಡು, ಶೂದ್ರನಿಗೆ ಐದು. ಐದು ಅಂದರೆ ವರ್ಷಕ್ಕೆ 60. ಇಂಗ್ಲೆಂಡಿನವರು ಪಾಪ ಜಾತಿ ನೋಡಿ ದರ ಇಟ್ಟಿರಲಿಲ್ಲ.

ಹಳೇಕಡತ · ಸೋಮವಾರ ಬೆಳಗ್ಗೆ

ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಯಹೂದಿಗಳು ಇಂಗ್ಲೆಂಡಿಗೆ ಬಂದದ್ದು 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ. ಹೆಚ್ಚಿನವರು ಫ್ರಾನ್ಸಿನ ರುವಾನ್ ಊರಿನವರು. ಹೊಸ ರಾಜನಿಗೆ ಬೆಳ್ಳಿ ನಾಣ್ಯ ಬೇಕಿತ್ತು, ಇವರ ಕೈಯಲ್ಲಿ ಅದಿತ್ತು. ಜಮೀನು ಹಿಡಿಯಬೇಕಾದರೆ ಕ್ರೈಸ್ತ ಪ್ರಮಾಣ ಮಾಡಬೇಕು. ಕಸುಬಿನ ಸಂಘ ಸೇರಬೇಕಾದರೂ ಹಾಗೇ. ಆ ಬಾಗಿಲುಗಳೆಲ್ಲ ಮುಚ್ಚಿದ್ದವು. ಇತ್ತ ಚರ್ಚು ಬಡ್ಡಿಯನ್ನು ಪಾಪ ಎಂದು ಸಾರುತ್ತಿತ್ತು. 1139ರಲ್ಲಿ ರೋಮಿನಲ್ಲಿ ಸೇರಿದ ಲ್ಯಾಟರನ್ ಧರ್ಮಸಭೆ ಬಡ್ಡಿಯನ್ನು ಖಂಡಿಸಿತು. 1179ರ ಸಭೆಯಂತೂ ಬಡ್ಡಿಗೆ ಕೊಡುವ ಕ್ರೈಸ್ತನಿಗೆ ಕ್ರೈಸ್ತ ರೀತಿಯಲ್ಲಿ ಮಣ್ಣು ಮಾಡುವುದೂ ಇಲ್ಲ ಎಂದಿತು. ಯಹೂದಿಗಳ ಧರ್ಮಶಾಸ್ತ್ರದಲ್ಲಿ ಅಣ್ಣತಮ್ಮನಿಂದ ಬಡ್ಡಿ ತಗೋಬೇಡ, ಪರಕೀಯನಿಂದ ತಗೋಬಹುದು ಎಂಬ ಮಾತಿದೆ. ಹೀಗೆ ಉಳಿದ ಒಂದೇ ಬಾಗಿಲಿಗೆ ಅವರನ್ನು ನೂಕಿ, ಆಮೇಲೆ ಅಲ್ಲೇ ಯಾಕೆ ನಿಂತಿದ್ದೀರಿ ಎಂದು ಕೇಳಿದ ಹಾಗಾಯಿತು.

ಎರಡು ಮಾತು ಸೇರಿಸಲೇಬೇಕು. ಒಂದು, ಎಲ್ಲ ಯಹೂದಿಗಳೂ ಸಾಹುಕಾರರಲ್ಲ. ದೊಡ್ಡ ಸಾಲ ಕೊಡುತ್ತಿದ್ದ ಮನೆಗಳು ಬೆರಳೆಣಿಕೆ. ಉಳಿದವರು ಚಿಕ್ಕಪುಟ್ಟ ಗಿರವಿ, ವೈದ್ಯ, ಬರಹಗಾರಿಕೆ, ಮನೆಕೆಲಸ ಮಾಡಿಕೊಂಡವರು. ಎರಡು, ಬಡ್ಡಿಗೆ ಕೊಟ್ಟವರೆಲ್ಲ ಯಹೂದಿಗಳೂ ಅಲ್ಲ. ವಿಲಿಯಂ ಕೇಡ್ ಎಂಬ ಫ್ಲಾಂಡರ್ಸ್ ಕಡೆಯ ಕ್ರೈಸ್ತ ವ್ಯಾಪಾರಿ ಎರಡನೇ ಹೆನ್ರಿಯ ಕಾಲದಲ್ಲಿ ರಾಜನಿಗೇ ಸಾಲ ಕೊಟ್ಟಿದ್ದ. 1166ರ ಸುಮಾರಿಗೆ ಅವನು ಸತ್ತಾಗ ಅವನಿಗೆ ಬರಬೇಕಿದ್ದ ಬಾಕಿ 5,000 ಪೌಂಡ್.

ಕಥೆಯ ನಡುವೆ ರಾಜ ಎಲ್ಲಿ ಕೂತಿದ್ದಾನೆ ಅಂತ ನೋಡಿ. ಕಾನೂನಿನ ಪ್ರಕಾರ ಯಹೂದಿಗಳು, ಅವರ ಆಸ್ತಿ ಎಲ್ಲವೂ ರಾಜನ ಸೊತ್ತು. ಸಾಹುಕಾರ ಸತ್ತರೆ ಮೂರರಲ್ಲಿ ಒಂದು ಪಾಲು ರಾಜನಿಗೆ. ಬೇಕೆನಿಸಿದಾಗ ಇಡೀ ಸಮುದಾಯದ ಮೇಲೆ ವಿಶೇಷ ತೆರಿಗೆ. ಅದಕ್ಕೆ ಪಾರ್ಲಿಮೆಂಟನ್ನು ಕೇಳಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ.

ಲಿಂಕನ್ ಊರಿನ ಆರನ್ ಇದಕ್ಕೆ ಒಳ್ಳೆಯ ಉದಾಹರಣೆ. 1186ರಲ್ಲಿ ಸತ್ತ. ಅವನಿಗೆ ಬರಬೇಕಿದ್ದ ಸಾಲ ಸುಮಾರು 15,000 ಪೌಂಡ್, ಸಾಲಗಾರರು ಸುಮಾರು 430 ಮಂದಿ. ಅದರಲ್ಲಿ ಬಿಷಪ್ಪರು, ಮಠಗಳು ಎಲ್ಲ ಇದ್ದರು. ಸಿಸ್ಟರ್ಸಿಯನ್ ಪಂಥದ 9 ಮಠಗಳು ಇವನ ಹಣದಿಂದ ಜಮೀನು ಮಾಡಿಕೊಂಡಿದ್ದವು. ಎರಡನೇ ಹೆನ್ರಿ ಮೂರರಲ್ಲಿ ಒಂದು ಪಾಲಿಗೆ ತೃಪ್ತನಾಗಲಿಲ್ಲ. ಎಲ್ಲವನ್ನೂ ತೆಗೆದುಕೊಂಡ. ಕೈಗೆ ಸಿಕ್ಕ ನಗನಾಣ್ಯವನ್ನು ಹಡಗಿಗೆ ಹಾಕಿ ಫ್ರಾನ್ಸಿನ ಯುದ್ಧಕ್ಕೆ ಕಳಿಸಿದರೆ ಅದು ನಡುನೀರಲ್ಲಿ ಮುಳುಗಿತು. ಉಳಿದ ಸಾಲಪತ್ರಗಳನ್ನು ವಸೂಲಿ ಮಾಡಲೆಂದೇ ಖಜಾನೆಯಲ್ಲಿ ‘ಆರನ್‌ನ ಲೆಕ್ಕಮನೆ’ ಎಂಬ ಬೇರೆ ವಿಭಾಗ ತೆರೆದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದು ನಡೆಯಿತು.

ಯಾರ್ಕಿನ ಮಾಲೆಬಿಸ್ ಇದ್ದನಲ್ಲ, ಅವನೂ ಈ ಆರನ್‌ನ ಸಾಲಗಾರರಲ್ಲಿ ಒಬ್ಬ.

ನೇರಮಾತು · ಸೋಮವಾರ ಮಧ್ಯಾಹ್ನ

ಹಳೇಕಡತ ಅವರೇ, ಓದಿದೆ. ಆದರೆ ನೀವು ಸಾಹುಕಾರನ ಕಣ್ಣೀರು ಮಾತ್ರ ಒರೆಸುತ್ತಿದ್ದೀರಿ. 43ರ ಬಡ್ಡಿಗೆ ಸಾಲ ತಂದು ಮನೆಮಠ ಕಳೆದುಕೊಂಡವನ ಕಡೆ ಯಾರು ಮಾತಾಡುತ್ತಾರೆ? ಕೊಲೆ ತಪ್ಪು, ಒಪ್ಪಿದೆ. ಆದರೆ ಪತ್ರ ಸುಟ್ಟದ್ದು ನನಗೆ ಅರ್ಥವಾಗುತ್ತದೆ. 1875ರಲ್ಲಿ ಪುಣೆ, ಅಹ್ಮದ್‌ನಗರದ ರೈತರೂ ಅದನ್ನೇ ಮಾಡಿದರು. ಸೂಪೆ ಎಂಬ ಊರಲ್ಲಿ ಶುರುವಾಯಿತು. ಮಾರ್ವಾಡಿ, ಗುಜರಾತಿ ಸಾಹುಕಾರರ ಮನೆಗೆ ನುಗ್ಗಿ ಪತ್ರ ತೆಗೆದು ಸುಟ್ಟರು. ಅವರನ್ನು ನಾವು ವೀರರು ಅನ್ನುತ್ತೇವೆ.

ಹಳೇಕಡತ · ಸೋಮವಾರ ಸಂಜೆ

ನೇರಮಾತು ಅವರ ಹೋಲಿಕೆ ಚೆನ್ನಾಗಿದೆ. ಆದರೆ ಅದು ನಿಮ್ಮ ಕಡೆಗಿಂತ ನನ್ನ ಕಡೆಗೇ ಜಾಸ್ತಿ ವಾಲುತ್ತದೆ.

1875ರಲ್ಲಿ ರೈತರು ಪತ್ರ ಕೇಳಿದರು, ಕೊಟ್ಟವನನ್ನು ಹೆಚ್ಚಾಗಿ ಸುಮ್ಮನೆ ಬಿಟ್ಟರು. ರಕ್ತ ಹರಿದದ್ದು ತೀರಾ ಕಡಿಮೆ. ಅದರ ಹಿಂದಿನ ಕಾರಣ ನೋಡಿ. ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಬಿದ್ದಿತ್ತು. ಅದೇ ಹೊತ್ತಿಗೆ ಸರ್ಕಾರ ಕಂದಾಯ ಏರಿಸಿತ್ತು. ಕಂದಾಯ ಕಟ್ಟಲು ರೈತ ಸಾಹುಕಾರನ ಹತ್ತಿರ ಹೋದ. ಬೈಗುಳ ಸಾಹುಕಾರನಿಗೆ ಬಿತ್ತು, ಕಂದಾಯ ಸರ್ಕಾರಕ್ಕೆ ಹೋಯಿತು. ಇಂಗ್ಲೆಂಡಿನಲ್ಲೂ ಇದೇ ಯಂತ್ರ. ಒಂದು ಹಲ್ಲು ಮಾತ್ರ ಜಾಸ್ತಿ ಇತ್ತು.

ಹೇಗೆ ಅಂದರೆ, ರಾಜ ಯಹೂದಿಗಳ ಮೇಲೆ ದೊಡ್ಡ ತೆರಿಗೆ ಹಾಕುತ್ತಾನೆ. 1210ರಲ್ಲಿ ಜಾನ್ ರಾಜ ಕೇಳಿದ್ದು 66,000 ಮಾರ್ಕ್. ಒಂದು ಮಾರ್ಕ್ ಅಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು, ಹಾಗಾಗಿ 44,000 ಪೌಂಡ್. ಬ್ರಿಸ್ಟಲ್‌ನಲ್ಲಿ ಕೊಡದ ಒಬ್ಬನ ಹಲ್ಲನ್ನು ದಿನಕ್ಕೊಂದರಂತೆ ಕೀಳಿಸಿದರು, ಏಳು ಕಿತ್ತ ಮೇಲೆ ಅವನು ಒಪ್ಪಿದ ಎಂದು ಆ ಕಾಲದ ಸನ್ಯಾಸಿಯೊಬ್ಬ ಬರೆದಿಟ್ಟಿದ್ದಾನೆ. ಕಥೆಯೋ ನಿಜವೋ, ಜನ ಅದನ್ನು ನಂಬಿದ್ದರು ಎನ್ನುವುದೇ ಸಾಕು.

ತೆರಿಗೆಗೆ ನಗದು ಬೇಕು. ಸಾಹುಕಾರನ ಹತ್ತಿರ ಇರುವುದು ನಗದಲ್ಲ, ಪತ್ರ. ಅವನು ಸಾಲಗಾರನ ಕುತ್ತಿಗೆ ಹಿಡಿಯಬೇಕು. ಇಲ್ಲವೇ ಪತ್ರವನ್ನೇ ಅರ್ಧ ಬೆಲೆಗೆ ಯಾರಿಗಾದರೂ ಮಾರಬೇಕು. ಕೊಳ್ಳುವವರು ಯಾರು? ಆಸ್ಥಾನದ ದೊಡ್ಡವರು, ಮಠಗಳು. ಅವರಿಗೆ ಬಡ್ಡಿ ಬೇಕಿರಲಿಲ್ಲ, ಅಡಮಾನದ ಜಮೀನು ಬೇಕಿತ್ತು. 1258ರಲ್ಲಿ ಸರದಾರರು ರಾಜನಿಗೆ ಕೊಟ್ಟ ದೂರಿನಲ್ಲಿ ಇದು ಬಿಡಿಸಿ ಬರೆದಿದೆ. ಪತ್ರ ಕೊಂಡವರು ಸಾಲ ವಾಪಸ್ ಕೊಡಲು ಹೋದರೂ ತೆಗೆದುಕೊಳ್ಳುವುದಿಲ್ಲ, ಜಮೀನು ಬಿಡುವುದಿಲ್ಲ ಅಂತ.

ಒಂದನೇ ಎಡ್ವರ್ಡನ ರಾಣಿ ಎಲಿನಾರ್ ಈ ಆಟದಲ್ಲಿ ಪಳಗಿದವಳು. ಕೆಂಟ್‌ನ ಲೀಡ್ಸ್ ಕೋಟೆ ಇದೆಯಲ್ಲ, ಪ್ರವಾಸದ ಜಾಹೀರಾತುಗಳಲ್ಲಿ ನೀರ ನಡುವೆ ಕಾಣುವ ಚಂದದ ಕೋಟೆ, ಅದು 1278ರಲ್ಲಿ ಅವಳ ಕೈಗೆ ಬಂದದ್ದು ಹೀಗೇ. ಕೋಟೆಯ ಒಡೆಯ ಸಾಲದಲ್ಲಿ ಮುಳುಗಿದ್ದ. ರಾಣಿ ಸಾಲ ತೀರಿಸಿ ಕೋಟೆ ಬರೆಸಿಕೊಂಡಳು. ಇದು ಅಪವಾದಕ್ಕೆ ಎಡೆ ಮಾಡುತ್ತಿದೆ ಎಂದು ಆರ್ಚ್‌ಬಿಷಪ್ ಪೆಕಮ್ ಅವಳ ಕಡೆಯವರಿಗೆ ಎಚ್ಚರಿಕೆ ಕೊಟ್ಟದ್ದೂ ಉಂಟು.

ಜಮೀನು ಕಳೆದುಕೊಂಡವನ ಕಣ್ಣಿಗೆ ಮೊದಲು ಕಾಣುವುದು ಪತ್ರದ ಮೇಲಿದ್ದ ಯಹೂದಿಯ ಹೆಸರು. ರಾಣಿಯ ಮನೆಗೆ ಕಲ್ಲು ಹೊಡೆಯಲು ಆಗುತ್ತದಾ?

ಬಿಸಿಬೇಳೆ · ಸೋಮವಾರ ಸಂಜೆ

ನಮ್ಮ ಕಡೆ ಲೋನ್ ರಿಕವರಿಗೆ ಬರುವ ಹುಡುಗನಿಗೆ ಬೈಯುವ ಹಾಗೆ.

ನೇರಮಾತು · ಸೋಮವಾರ ರಾತ್ರಿ

ಅರ್ಧ ಒಪ್ಪಿದೆ. ಪತ್ರ ಮಾರುವ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಸಾಹುಕಾರ ಏನೂ ಅರಿಯದ ಪಾಪದವನು ಎನ್ನುವುದನ್ನು ಒಪ್ಪುವುದಿಲ್ಲ. ಆರನ್‌ಗೆ 15,000 ಪೌಂಡ್ ಆಕಾಶದಿಂದ ಬಿದ್ದಿತಾ?

ಮಲ್ಲಿಗೆಬಳ್ಳಿ · ಸೋಮವಾರ ರಾತ್ರಿ

ಪಾಪದವರು ಅಂತ ಯಾರೂ ಹೇಳಿಲ್ಲ. ನಾನು ಒಬ್ಬ ಹೆಂಗಸಿನ ಕಥೆ ಹೇಳುತ್ತೇನೆ. ಅವಳೂ ಪಾಪದವಳಲ್ಲ, ಬಹಳ ಗಟ್ಟಿಗಿತ್ತಿ.

ವಿಂಚೆಸ್ಟರ್‌ನ ಲಿಕೊರಿಸಿಯಾ. ಎರಡು ಸಲ ವಿಧವೆ. ತಾನೇ ಲೇವಾದೇವಿ ನಡೆಸುತ್ತಿದ್ದವಳು, ಮೂರನೇ ಹೆನ್ರಿ ರಾಜನಿಗೇ ನೇರ ಪರಿಚಯ. ಎರಡನೇ ಗಂಡ ಆಕ್ಸ್‌ಫರ್ಡಿನ ಡೇವಿಡ್ 1244ರಲ್ಲಿ ಸತ್ತ. ಗಂಡನ ಹೆಣ ಮಣ್ಣಿಗೆ ಹೋಗುವಷ್ಟರಲ್ಲಿ ಸಾಲಪತ್ರದ ಪೆಟ್ಟಿಗೆಗಳಿಗೆ ರಾಜನ ಮುದ್ರೆ ಬಿತ್ತು. ಲೆಕ್ಕ ಮುಗಿಯುವವರೆಗೆ ಇವಳನ್ನು ಲಂಡನ್ ಟವರ್‌ನಲ್ಲಿ ಇಟ್ಟರು. ಗಂಡನ ವ್ಯವಹಾರ ಬಿಡಿಸಿಕೊಳ್ಳಲು ಅವಳು ಕಟ್ಟಿದ್ದು 5,000 ಮಾರ್ಕ್. ಅದರಲ್ಲಿ ದೊಡ್ಡ ಪಾಲು ಹೋದದ್ದು ಎಲ್ಲಿಗೆ ಗೊತ್ತಾ? ವೆಸ್ಟ್‌ಮಿನ್‌ಸ್ಟರ್ ಅಬೆಯ ಕಟ್ಟಡಕ್ಕೆ. ಇಂಗ್ಲೆಂಡಿನ ರಾಜರಿಗೆಲ್ಲ ಕಿರೀಟ ಇಡುವ ಅದೇ ಚರ್ಚು. ಬಡ್ಡಿ ಹಣ ಪಾಪ, ಅದೇ ಹಣದಲ್ಲಿ ಕಟ್ಟಿದ ಗೋಡೆ ಪುಣ್ಯ.

1277ರಲ್ಲಿ ಅವಳನ್ನು ಅವಳ ಮನೆಯಲ್ಲೇ ಕೊಂದರು. ಜೊತೆಗೆ ಕೆಲಸದ ಕ್ರೈಸ್ತ ಹೆಂಗಸು ಆಲಿಸ್‌ಳನ್ನೂ. ಯಾರಿಗೂ ಶಿಕ್ಷೆ ಆಗಲಿಲ್ಲ. ಹತ್ತು ವರ್ಷದ ಮೇಲೆ, 1287ರಲ್ಲಿ, ತೆರಿಗೆಗಾಗಿ ದೇಶದ ಯಹೂದಿಗಳನ್ನೆಲ್ಲ ಮತ್ತೆ ಹಿಡಿದು ಹಾಕಿದಾಗ ಅವಳ ಮಗ ಆಶೇರ್ ವಿಂಚೆಸ್ಟರ್ ಕೋಟೆಯ ಸೆರೆಮನೆಯ ಗೋಡೆಯ ಮೇಲೆ ಹೀಬ್ರೂನಲ್ಲಿ ಕೆತ್ತಿದ: ಈ ದ್ವೀಪದ ಯಹೂದಿಗಳನ್ನೆಲ್ಲ ಸೆರೆ ಹಾಕಿದರು, ಆಶೇರನಾದ ನಾನು ಇದನ್ನು ಬರೆದೆ. ಆ ಕೋಣೆ ಈಗ ಇಲ್ಲ. ಮಾತನ್ನು ಯಾರೋ ನಕಲು ಮಾಡಿಟ್ಟಿದ್ದರಿಂದ ಉಳಿದಿದೆ.

2022ರಲ್ಲಿ ವಿಂಚೆಸ್ಟರ್‌ನ ಜ್ಯೂರಿ ಸ್ಟ್ರೀಟ್‌ನಲ್ಲಿ (ಜ್ಯೂರಿ ಅಂದರೆ ಯಹೂದಿಗಳ ಕೇರಿ) ಲಿಕೊರಿಸಿಯಾಳ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ. ಕೈ ಹಿಡಿದುಕೊಂಡಿರುವುದು ಇದೇ ಆಶೇರ್, ಪುಟ್ಟ ಹುಡುಗನಾಗಿ.

ಧಾರವಾಡದಮಳೆ · ಮಂಗಳವಾರ ಬೆಳಗ್ಗೆ

ನಾನು ಇತಿಹಾಸ ಓದಿದವಳಲ್ಲ, ಆದರೆ ಪತ್ರದ ವಿಷಯ ಬಂತಲ್ಲ, ಒಂದು ನೆನಪು ಹೇಳುತ್ತೇನೆ.

ನಮ್ಮಪ್ಪ ಅಕ್ಕನ ಮದುವೆಗೆ ಊರಿನ ಒಬ್ಬ ಸಾಹುಕಾರರ ಹತ್ತಿರ ಪ್ರೋನೋಟ್ ಬರೆದುಕೊಟ್ಟಿದ್ದರು. ಮೇಲೆ ರೆವಿನ್ಯೂ ಸ್ಟಾಂಪ್, ಅದರ ಮೇಲೆ ಅಡ್ಡ ಸಹಿ. ನಾಲ್ಕು ವರ್ಷ ಸುಗ್ಗಿಗೊಂದು ಸಲ ಕಟ್ಟಿದರು. ಕೊನೆಯ ಕಂತು ಕೊಟ್ಟ ದಿನ ಸಾಹುಕಾರರು, ಪತ್ರ ಎಲ್ಲೋ ಇದೆ, ಹುಡುಕಿ ಕೊಡುತ್ತೇನೆ ಎಂದರು. ಅಪ್ಪ ಮನೆಗೆ ಬಂದು ಊಟ ಮಾಡಲಿಲ್ಲ. ಎಂಟು ದಿನ ಬೆಳಗಾದರೆ ಅವರ ಜಗಲಿಯ ಮೇಲೆ ಹೋಗಿ ಕೂತರು. ಜಗಳ ಮಾಡಲಿಲ್ಲ, ಸುಮ್ನೆ ಕೂತರು. ಒಂಬತ್ತನೇ ದಿನ ಪತ್ರ ಸಿಕ್ಕಿತು. ಅಪ್ಪ ಅದನ್ನು ಅಲ್ಲೇ ನಿಂತು ಹರಿದರು. ಸ್ಟಾಂಪ್ ಇದ್ದ ತುಂಡು ಮಾತ್ರ ಜೇಬಿಗೆ ಹಾಕಿಕೊಂಡು ಬಂದು ದೇವರ ಗೂಡಿನಲ್ಲಿ ಇಟ್ಟರು.

ಹಣ ಕೊಟ್ಟು ಮುಗಿಸಿದರೂ ಪತ್ರ ಉಳಿದರೆ ಸಾಲ ಉಳಿದ ಹಾಗೇ. ಯಾರ್ಕಿನವರು ಚರ್ಚಿಗೆ ಯಾಕೆ ಹೋದರು ಅಂತ ನನಗೆ ಕೇಳಬೇಕೆನಿಸಲಿಲ್ಲ. ಆದರೆ ಅಪ್ಪನ ಹಾಗೆ ಕಟ್ಟಿ ಹರಿಯುವುದಕ್ಕೂ ಕೊಂದು ಸುಡುವುದಕ್ಕೂ ವ್ಯತ್ಯಾಸ ಇದೆ.

ಹಳೇಕಡತ · ಮಂಗಳವಾರ ಮಧ್ಯಾಹ್ನ

ಅಕ್ಕಾ, ನಿಮ್ಮಪ್ಪನ ಜಗಲಿಯ ಕಥೆ ಓದಿ ನನ್ನ ಕೆಲಸ ನಿಂತಿತು.

ಪತ್ರದ ವಿಷಯವನ್ನು ಅಲ್ಲಿಂದಲೇ ಮುಂದುವರಿಸುತ್ತೇನೆ. ಯಾರ್ಕಿನ ಬೆಂಕಿಯಲ್ಲಿ ನಷ್ಟ ಆದದ್ದು ರಾಜನಿಗೂ ಹೌದು. ಸತ್ತ ಸಾಹುಕಾರರ ಬಾಕಿ ಅವನ ಖಜಾನೆಗೆ ಬರಬೇಕಿತ್ತು, ಪತ್ರವೇ ಇಲ್ಲದಿದ್ದರೆ ಹೇಗೆ ಕೇಳುವುದು? ಅದಕ್ಕೇ 1194ರಲ್ಲಿ ಹೊಸ ಏರ್ಪಾಡು ಬಂತು. ಸಾಲವನ್ನು ಒಂದೇ ಚರ್ಮದ ಹಾಳೆಯ ಮೇಲೆ ಎರಡು ಸಲ ಬರೆಯುವುದು, ನಡುವೆ ಅಂಕುಡೊಂಕಾಗಿ ಕತ್ತರಿಸುವುದು. ಸಾಲಗಾರನ ಮುದ್ರೆ ಇರುವ ತುಂಡು ಸಾಹುಕಾರನಿಗೆ. ಇನ್ನೊಂದು ತುಂಡು ಊರಿನ ಪೆಟ್ಟಿಗೆಗೆ. ತಕರಾರು ಬಂದರೆ ಎರಡನ್ನೂ ಪಕ್ಕ ಇಟ್ಟು ಅಂಚು ಕೂಡುತ್ತದಾ ನೋಡುವುದು. ಪೆಟ್ಟಿಗೆಗೆ ಮೂರು ಬೀಗ. ಒಂದು ಕೀಲಿ ಇಬ್ಬರು ಕ್ರೈಸ್ತರ ಹತ್ತಿರ, ಒಂದು ಇಬ್ಬರು ಯಹೂದಿಗಳ ಹತ್ತಿರ, ಮೂರನೆಯದು ರಾಜನ ಗುಮಾಸ್ತನ ಹತ್ತಿರ.

ನೋಡಲು ಸಾಹುಕಾರನಿಗೆ ರಕ್ಷಣೆ ಅನಿಸುತ್ತದೆ. ನಿಜವಾಗಿ ಯಾರ ಹತ್ತಿರ ಎಷ್ಟಿದೆ ಎಂಬುದು ಇನ್ನು ಮುಂದೆ ರಾಜನಿಗೆ ಪೈಸೆ ಪೈಸೆ ಗೊತ್ತು. ತೆರಿಗೆ ಹಾಕುವ ಮೊದಲು ಪೆಟ್ಟಿಗೆಗಳನ್ನು ಮುಚ್ಚಿಸುವುದು, ಎಣಿಸುವುದು, ಆಮೇಲೆ ಹಿಂಡುವುದು. ಯಹೂದಿಗಳನ್ನು ಒರೆಸುವ ಬಟ್ಟೆಯ ಹಾಗೆ ಬಳಸಿದರು. ಊರಿನ ನೀರನ್ನೆಲ್ಲ ಅದು ಹೀರಬೇಕು, ಆಮೇಲೆ ರಾಜನ ಬಕೆಟ್ಟಿಗೆ ಹಿಂಡಬೇಕು.

ಸಾಲಗಾರರಿಗೂ ಇದು ಗೊತ್ತಿತ್ತು. 1215ರಲ್ಲಿ ಸರದಾರರು ರಾಜನ ಅಧಿಕಾರಕ್ಕೆ ಕಡಿವಾಣ ಹಾಕಿ ಬರೆಸಿಕೊಂಡ ಮ್ಯಾಗ್ನಾ ಕಾರ್ಟಾದಲ್ಲಿ ಎರಡು ಕಲಮುಗಳು ಯಹೂದಿಗಳ ಸಾಲದ ಮೇಲೇ ಇವೆ. ಸಾಲಗಾರ ಸತ್ತು ವಾರಸುದಾರ ಇನ್ನೂ ಚಿಕ್ಕವನಿದ್ದರೆ ಅವನು ದೊಡ್ಡವನಾಗುವವರೆಗೆ ಬಡ್ಡಿ ಓಡಬಾರದು. ಆ ಸಾಲ ರಾಜನ ಕೈಗೆ ಬಂದರೆ ರಾಜನೂ ಅಸಲು ಮಾತ್ರ ತೆಗೆದುಕೊಳ್ಳಬೇಕು. ಆ ಎರಡನೇ ಮಾತು ಯಾಕೆ ಸೇರಿಸಿದರು ಎಂದು ಊಹಿಸಿಕೊಳ್ಳಿ. ಮುಂದಿನ ವರ್ಷ ಮ್ಯಾಗ್ನಾ ಕಾರ್ಟಾವನ್ನು ರಾಜನ ಕಡೆಯವರು ಮತ್ತೆ ಹೊರಡಿಸಿದಾಗ ಈ ಎರಡೂ ಕಲಮು ಮಾಯ.

ಇನ್ನೊಂದು. ಸೈಮನ್ ಡಿ ಮಾಂಟ್‌ಫೋರ್ಟ್ ಎಂಬವನನ್ನು ಇಂಗ್ಲಿಷರು ಪಾರ್ಲಿಮೆಂಟಿನ ತಂದೆ ಎಂದು ಹೊಗಳುತ್ತಾರೆ. ಅವನು 1231ರಲ್ಲಿ ಲೆಸ್ಟರ್‌ನಿಂದ ಯಹೂದಿಗಳನ್ನು ಓಡಿಸಿದವನು. 1264ರಲ್ಲಿ ಅವನ ಕಡೆಯವರು ಲಂಡನ್ನಿನಲ್ಲಿ ನೂರಾರು ಯಹೂದಿಗಳನ್ನು ಕೊಂದರು. ಊರೂರಲ್ಲಿ ಪೆಟ್ಟಿಗೆಗಳನ್ನು ಹೊತ್ತೊಯ್ದರು. ಸಾಲದ ಪೆಟ್ಟಿಗೆ ಎಲ್ಲಿದೆ ಅಂತ ಈ ಸಲ ಎಲ್ಲರಿಗೂ ಮೊದಲೇ ಗೊತ್ತಿತ್ತು.

ಊರುಬಿಟ್ಟವ · ಮಂಗಳವಾರ ರಾತ್ರಿ

ತುಂಬಾ ಥ್ಯಾಂಕ್ಸ್. ಹಾಗಾದರೆ 1290ಕ್ಕೆ ಬನ್ನಿ. ಹಿಂಡಲು ಇಷ್ಟು ಅನುಕೂಲ ಇದ್ದ ಬಟ್ಟೆಯನ್ನು ಆಗಿನ ರಾಜ ಒಂದನೇ ಎಡ್ವರ್ಡ್ ಯಾಕೆ ಬಿಸಾಕಿದ?

ಚಿಲ್ಲರೆಲೆಕ್ಕ · ಮಂಗಳವಾರ ರಾತ್ರಿ

ನೀರು ಮುಗಿದಿತ್ತು ಅನಿಸುತ್ತದೆ.

ಹಳೇಕಡತ · ಬುಧವಾರ ಬೆಳಗ್ಗೆ

ಚಿಲ್ಲರೆಲೆಕ್ಕ ಒಂದೇ ಸಾಲಿನಲ್ಲಿ ಹೇಳಿದ್ದಾರೆ. ಸ್ವಲ್ಪ ಬಿಡಿಸುತ್ತೇನೆ.

ಮೂರನೇ ಹೆನ್ರಿ ಹಿಂಡಿ ಹಿಂಡಿ ದೊಡ್ಡ ಮನೆಗಳೆಲ್ಲ ಬಡವಾಗಿದ್ದವು. ಎಡ್ವರ್ಡ್ 1275ರಲ್ಲಿ ಹೊಸ ಕಾನೂನು ತಂದ. ಇನ್ನು ಮುಂದೆ ಬಡ್ಡಿ ವ್ಯವಹಾರ ಪೂರ್ತಿ ನಿಷೇಧ. ವ್ಯಾಪಾರ ಮಾಡಿ, ಕೂಲಿ ಮಾಡಿ, ಬೇಕಾದರೆ ಜಮೀನು ಗುತ್ತಿಗೆಗೆ ಹಿಡಿಯಿರಿ ಎಂದ. ಅದೇ ಕಾನೂನಿನಲ್ಲಿ, ಏಳು ವರ್ಷ ದಾಟಿದ ಪ್ರತಿ ಯಹೂದಿ ಎದೆಯ ಮೇಲೆ ಹಳದಿ ಬಟ್ಟೆಯ ಗುರುತು ಹಾಕಿಕೊಳ್ಳಬೇಕು ಎಂದೂ ಇತ್ತು. ಸಂಘಕ್ಕೆ ಸೇರಿಸಿಕೊಳ್ಳದ ಊರಲ್ಲಿ, ಎದೆಯ ಮೇಲೆ ಗುರುತು ಹಾಕಿಕೊಂಡು ವ್ಯಾಪಾರ ಮಾಡುವುದು ಹೇಗೆ? ಕೆಲವರು ಉಣ್ಣೆ, ಧಾನ್ಯದ ವ್ಯಾಪಾರಕ್ಕೆ ಇಳಿದರು. ಹೆಚ್ಚಿನವರಿಗೆ ಬದುಕುವ ದಾರಿಯೇ ಇರಲಿಲ್ಲ.

1278ರ ನವೆಂಬರ್‌ನಲ್ಲಿ ನಾಣ್ಯದ ಅಂಚು ಕತ್ತರಿಸಿ ಬೆಳ್ಳಿ ಕದಿಯುತ್ತಾರೆ ಎಂಬ ಆರೋಪ ಬಂತು. ದೇಶದಾದ್ಯಂತ ಒಂದೇ ದಿನ ಯಹೂದಿಗಳನ್ನು ಹಿಡಿದರು. ಲಂಡನ್ ಟವರ್‌ಗೆ ತುಂಬಿದ್ದು 600ಕ್ಕೂ ಹೆಚ್ಚು ಮಂದಿಯನ್ನು. ಲಂಡನ್ನಿನಲ್ಲೇ ಸುಮಾರು 270 ಯಹೂದಿಗಳನ್ನು ಗಲ್ಲಿಗೆ ಹಾಕಿದರು. ಅಂಚು ಕತ್ತರಿಸುವ ಕೆಲಸವನ್ನು ಕ್ರೈಸ್ತರೂ ಮಾಡುತ್ತಿದ್ದರು. ಆದರೆ ಗಲ್ಲಿಗೇರಿದ ಕ್ರೈಸ್ತರ ಸಂಖ್ಯೆ ಅದರ ಹತ್ತಿರಕ್ಕೂ ಬರುವುದಿಲ್ಲ. ಸತ್ತವರ ಮನೆ, ಸಾಮಾನು ರಾಜನಿಗೆ.

ಆಮೇಲೆ 1289. ಎಡ್ವರ್ಡ್ ಫ್ರಾನ್ಸಿನಲ್ಲಿ ತನ್ನ ಕೈಯಲ್ಲಿದ್ದ ಗ್ಯಾಸ್ಕನಿಯಲ್ಲಿ ಮೂರು ವರ್ಷ ಇದ್ದು ವಾಪಸ್ ಬಂದ. ಮೈತುಂಬಾ ಸಾಲ. ಗ್ಯಾಸ್ಕನಿಯ ಯಹೂದಿಗಳನ್ನು 1287ರಲ್ಲೇ ಓಡಿಸಿ ಅವರ ಆಸ್ತಿ ಹಿಡಿದಿದ್ದ. ಅಲ್ಲಿ ರುಚಿ ಹತ್ತಿತ್ತು. ಪಾರ್ಲಿಮೆಂಟಿನ ಹತ್ತಿರ ತೆರಿಗೆ ಕೇಳಿದ. ಅಲ್ಲಿ ಕೂತವರು ಯಾರು? ಪತ್ರ ಬರೆದುಕೊಟ್ಟ ನೈಟ್‌ಗಳು, ಅವರ ಅಣ್ಣತಮ್ಮಂದಿರು. ಅವರು ಒಂದು ಬೆಲೆ ಹೇಳಿದರು. 1290ರ ಜುಲೈ 18ರಂದು ರಾಜ ಎಲ್ಲ ಜಿಲ್ಲಾಧಿಕಾರಿಗಳಿಗೂ ಪತ್ರ ಬರೆದ. ನವೆಂಬರ್ 1ರೊಳಗೆ ಯಹೂದಿಗಳು ದೇಶ ಬಿಡಬೇಕು. ಅದಕ್ಕೆ ಪ್ರತಿಯಾಗಿ ಜನರ ಚರಾಸ್ತಿಯ ಹದಿನೈದರಲ್ಲಿ ಒಂದು ಪಾಲು ತೆರಿಗೆಗೆ ಒಪ್ಪಿಗೆ ಸಿಕ್ಕಿತು. ಬಂದ ಹಣ ಸುಮಾರು 1,16,000 ಪೌಂಡ್. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದೇ ಸಲಕ್ಕೆ ಇಷ್ಟು ತೆರಿಗೆ ಬೇರೆ ಯಾವಾಗಲೂ ಬಂದಿರಲಿಲ್ಲ.

ಹೋದವರು ಎಷ್ಟು ಜನ? ಇಡೀ ದೇಶದಲ್ಲಿ 2,000ದಿಂದ 3,000. ನಮ್ಮ ಒಂದು ಹಳ್ಳಿ ಅಷ್ಟು. 100 ವರ್ಷ ಹಿಂಡಿಯೂ ಇನ್ನು ಬರುವುದೇನೂ ಇಲ್ಲ ಎಂದಾದಾಗ ಬಟ್ಟೆಯನ್ನೇ ಮಾರಿದ. ಅದಕ್ಕೆ ಸಿಕ್ಕ ಬೆಲೆ ಒಳಗಿದ್ದ ನೀರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಬಡ್ಡಿ ಒಂದು ನೆಪ ಎಂದು ನಾನು ಹೇಳುವುದಿಲ್ಲ, ಧರ್ಮದ್ವೇಷವೂ ಇತ್ತು, ಮಗು ಕೊಂದರು ಎಂಬಂಥ ಸುಳ್ಳು ಅಪವಾದಗಳೂ ಇದ್ದವು. ಲಿಂಕನ್‌ನಲ್ಲಿ 1255ರಲ್ಲಿ ಹ್ಯೂ ಎಂಬ ಹುಡುಗ ಸತ್ತಾಗ ಅಂಥ ಸುಳ್ಳಿಗೇ 19 ಜನರನ್ನು ಗಲ್ಲಿಗೆ ಹಾಕಿದ್ದರು. ಆದರೆ ದಿನಾಂಕ ನಿಗದಿ ಮಾಡಿದ್ದು ಖಜಾನೆ.

ಮಲ್ಲಿಗೆಬಳ್ಳಿ · ಬುಧವಾರ ಬೆಳಗ್ಗೆ

ಹೋಗುವಾಗಿನ ಒಂದು ಘಟನೆ ಸೇರಿಸುತ್ತೇನೆ. ದಾರಿಯಲ್ಲಿ ಯಾರೂ ತೊಂದರೆ ಕೊಡಬಾರದು ಎಂದು ರಾಜ ಆಜ್ಞೆ ಮಾಡಿದ್ದ. ಆದರೂ ಥೇಮ್ಸ್ ನದಿಯ ಬಾಯಲ್ಲಿ, ಕ್ವೀನ್‌ಬರೋ ಹತ್ತಿರ, ಒಬ್ಬ ಹಡಗಿನವನು ಇಳಿತದ ಹೊತ್ತಿಗೆ ಹಡಗನ್ನು ಮರಳಿನ ಮೇಲೆ ನಿಲ್ಲಿಸಿದ. ಕಾಲು ಆಡಿಸಿ ಬನ್ನಿ ಎಂದು ಪ್ರಯಾಣಿಕರನ್ನು ಇಳಿಸಿದ. ನೀರು ಏರತೊಡಗಿದ ಕೂಡಲೇ ತಾನು ಹತ್ತಿಕೊಂಡ. ಕೂಗಿದವರಿಗೆ, ಹಿಂದೆ ಸಮುದ್ರ ಸೀಳಿಕೊಟ್ಟ ನಿಮ್ಮ ಮೋಶೆಯನ್ನೇ ಕರೆಯಿರಿ ಎಂದನಂತೆ. ಎಲ್ಲರೂ ಮುಳುಗಿದರು. ಅವರ ಗಂಟುಮೂಟೆ ಹಡಗಿನಲ್ಲೇ ಉಳಿದಿತ್ತು. ಹಡಗಿನವನಿಗೆ ಆಮೇಲೆ ಗಲ್ಲಾಯಿತು, ಅಷ್ಟರಮಟ್ಟಿಗೆ ನ್ಯಾಯ.

ನೇರಮಾತು · ಬುಧವಾರ ಮಧ್ಯಾಹ್ನ

ಸರಿ, ಸೋತೆ ಎಂದೇ ಇಟ್ಟುಕೊಳ್ಳಿ. ಒಂದು ಪ್ರಶ್ನೆಗೆ ಉತ್ತರ ಕೊಡಿ. ಅವರು ಹೋದ ಮೇಲೆ ಬಡ್ಡಿ ಕಡಿಮೆ ಆಯಿತಾ?

ಚಿಲ್ಲರೆಲೆಕ್ಕ · ಬುಧವಾರ ಸಂಜೆ

ಇದನ್ನು ನಾನು ಹೇಳುತ್ತೇನೆ, ಬ್ಯಾಂಕಿಂಗ್ ನನ್ನ ಕಸುಬು.

ಸಾಹುಕಾರ ಬದಲಾದ, ಸಾಲ ಬದಲಾಗಲಿಲ್ಲ. ಎಡ್ವರ್ಡ್ ಅಷ್ಟು ಹೊತ್ತಿಗಾಗಲೇ ಇಟಲಿಯ ಲುಕ್ಕಾ ಊರಿನ ರಿಕಾರ್ಡಿ ಕಂಪನಿಯನ್ನು ಹಿಡಿದಿದ್ದ. 1272ರಿಂದ 1294ರವರೆಗೆ ಅವರು ಕೊಟ್ಟದ್ದು ಸುಮಾರು 4 ಲಕ್ಷ ಪೌಂಡ್. ಪ್ರತಿಯಾಗಿ ಬಂದರಿನ ಉಣ್ಣೆ ಸುಂಕ ಅವರಿಗೆ. ಇವರು ಕ್ರೈಸ್ತರು, ಬಡ್ಡಿ ಅನ್ನುವಂತಿಲ್ಲ. ‘ಉಡುಗೊರೆ’, ‘ನಷ್ಟ ಪರಿಹಾರ’ ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ಈಗಿನ ‘ಪ್ರೊಸೆಸಿಂಗ್ ಫೀ’ ಥರ.

1294ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಯಿತು, ತಕ್ಷಣ ಹಣ ಬೇಕೆಂದ. ಅವರ ಕೈಲಿ ಇರಲಿಲ್ಲ. ಆಸ್ತಿ ಜಪ್ತಿ ಮಾಡಿದ, ಕಂಪನಿ ಮುಳುಗಿತು. ಆಮೇಲೆ ಫ್ಲಾರೆನ್ಸಿನ ಫ್ರೆಸ್ಕೊಬಾಲ್ಡಿ. 1311ರಲ್ಲಿ ಸರದಾರರು ಅವರನ್ನೂ ಓಡಿಸಿದರು. ಆಮೇಲೆ ಬಾರ್ಡಿ, ಪೆರುಜ್ಜಿ. ಮೂರನೇ ಎಡ್ವರ್ಡ್ ಸಾಲ ತೀರಿಸಲಿಲ್ಲ, 1340ರ ದಶಕದಲ್ಲಿ ಎರಡೂ ದಿವಾಳಿ. ಲಂಡನ್ನಿನ ಲೊಂಬಾರ್ಡ್ ಸ್ಟ್ರೀಟ್ ಇವರ ನೆನಪು. ಪಕ್ಕದ ಓಲ್ಡ್ ಜ್ಯೂರಿ ಬೀದಿ ಇವರಿಗಿಂತ ಮೊದಲಿದ್ದವರ ನೆನಪು. ಎರಡರ ನಡುವೆ ಐದು ನಿಮಿಷದ ನಡಿಗೆ.

ಫ್ರಾನ್ಸಿನಲ್ಲಿ ಇನ್ನೂ ಮಜಾ. 1182ರಲ್ಲಿ ಓಡಿಸಿದರು. ಸಾಲಗಾರರಿಗೆ ಸಾಲ ಮಾಫಿ, ಆದರೆ ಐದರಲ್ಲಿ ಒಂದು ಪಾಲು ರಾಜನಿಗೆ ಕಟ್ಟಬೇಕು! 1198ರಲ್ಲಿ ವಾಪಸ್ ಕರೆದರು. 1306ರಲ್ಲಿ ಓಡಿಸಿದರು, 1315ರಲ್ಲಿ ಕರೆದರು. 1394ರಲ್ಲಿ ಕೊನೆಗೊಮ್ಮೆ ಓಡಿಸಿದರು.

ಬಿಸಿಬೇಳೆ · ಬುಧವಾರ ಸಂಜೆ

1492ರಲ್ಲಿ ಸ್ಪೇನ್ ಯಹೂದಿಗಳನ್ನು ಓಡಿಸಿದ್ದು?

ಹಳೇಕಡತ · ಬುಧವಾರ ರಾತ್ರಿ

ಅದು ಬೇರೆ ಕಥೆ. ಅಲ್ಲಿ ಮುಖ್ಯ ನೆಪ ಬಡ್ಡಿಯಲ್ಲ. ಮತ ಬದಲಿಸಿದ ಯಹೂದಿಗಳನ್ನು ಹಳೆಯ ನೆಂಟರು ಮತ್ತೆ ಎಳೆಯುತ್ತಾರೆ ಎಂಬ ಭಯ. ಇದರ ಜೊತೆ ಕಲಸುವುದು ಬೇಡ.

ಇಂಗ್ಲೆಂಡಿಗೆ ಯಹೂದಿಗಳು ಮತ್ತೆ ಬಹಿರಂಗವಾಗಿ ನೆಲೆಸಿದ್ದು 1656ರಲ್ಲಿ, ರಾಜನಿಲ್ಲದ ಇಂಗ್ಲೆಂಡನ್ನು ಆಳಿದ ಕ್ರಾಮ್‌ವೆಲ್ ಕಾಲದಲ್ಲಿ. 366 ವರ್ಷ ಬೇಕಾಯಿತು. ಇಂಗ್ಲೆಂಡಿನ ಚರ್ಚು 2022ರಲ್ಲಿ ಆಕ್ಸ್‌ಫರ್ಡಿನಲ್ಲಿ ಪಶ್ಚಾತ್ತಾಪದ ಪ್ರಾರ್ಥನೆ ನಡೆಸಿತು. 1222ರ ಆಕ್ಸ್‌ಫರ್ಡ್ ಧರ್ಮಸಭೆ ಹೊರಡಿಸಿದ್ದ ಯಹೂದಿ ವಿರೋಧಿ ಕಟ್ಟಳೆಗಳಿಗೆ ಆಗ 800 ವರ್ಷ ತುಂಬಿತ್ತು.

ಧಾರವಾಡದಮಳೆ · ಗುರುವಾರ ಬೆಳಗ್ಗೆ

ಸಾಲ ತೀರಿದಾಗ ಅವರು ಏನು ಮಾಡುತ್ತಿದ್ದರು? ಅವರಲ್ಲೂ ಹರಿಯುತ್ತಿದ್ದರಾ?

ಹಳೇಕಡತ · ಗುರುವಾರ ಮಧ್ಯಾಹ್ನ

ಪೆಟ್ಟಿಗೆಯಿಂದ ತುಂಡು ತೆಗೆಸುತ್ತಿದ್ದರು. ಜೊತೆಗೆ ಸಾಹುಕಾರ ಒಂದು ಬಿಡುಗಡೆ ಪತ್ರ ಬರೆದುಕೊಡಬೇಕಿತ್ತು. ಹೆಚ್ಚಾಗಿ ಹೀಬ್ರೂನಲ್ಲಿ. ಹೀಬ್ರೂನ ‘ಶ್ತಾರ್’ ಎಂಬ ಮಾತಿನಿಂದ ಇಂಗ್ಲಿಷರು ಅದನ್ನು ‘ಸ್ಟಾರ್’ ಎಂದು ಕರೆದರು. ಕೆಲವು ಇವತ್ತಿಗೂ ಉಳಿದಿವೆ. ಎಲ್ಲಿ ಅಂದರೆ, ಅದೇ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಡತಗಳಲ್ಲಿ. ಅಂಗೈ ಅಗಲದ ಚರ್ಮದ ತುಂಡು, ಕೆಳಗೆ ಸಾಹುಕಾರನ ಹೀಬ್ರೂ ಸಹಿ. ಅದರಲ್ಲಿ ಬರುವ ಒಂದು ಒಕ್ಕಣೆ ನನಗೆ ಬಹಳ ಇಷ್ಟ. ಲೋಕ ಹುಟ್ಟಿದ ದಿನದಿಂದ ಲೋಕ ಮುಗಿಯುವ ದಿನದವರೆಗೆ ಈ ಸಾಲದ ಬಗ್ಗೆ ಇವನ ಮೇಲೆ ನನಗೆ ಯಾವ ಹಕ್ಕೂ ಇಲ್ಲ ಎಂದು.

ನಮ್ಮ ಹಳೆಯ ಶಾಸನಗಳಲ್ಲಿ ದಾನ ಕೊಟ್ಟದ್ದು ‘ಆಚಂದ್ರಾರ್ಕ’, ಸೂರ್ಯಚಂದ್ರರು ಇರುವವರೆಗೆ ನಡೆಯಲಿ ಎನ್ನುತ್ತಾರಲ್ಲ, ಆ ಧಾಟಿ. ಇವರು ಹಿಂದಕ್ಕೂ ಹೋಗುತ್ತಾರೆ, ಅಷ್ಟೇ.

ಧಾರವಾಡದಮಳೆ · ಗುರುವಾರ ಸಂಜೆ

ಅಪ್ಪ ಇದ್ದಿದ್ದರೆ ಈ ಒಕ್ಕಣೆ ಓದಿ ಹೇಳುತ್ತಿದ್ದೆ. ಸ್ಟಾಂಪಿನ ತುಂಡು ಇನ್ನೂ ದೇವರ ಗೂಡಿನಲ್ಲೇ ಇದೆ.

ಊರುಬಿಟ್ಟವ · ಶುಕ್ರವಾರ ಬೆಳಗ್ಗೆ

ಬರುವ ತಿಂಗಳು ಲಿಂಕನ್‌ಗೆ ಹೋಗೋಣ ಎಂದಿದ್ದೇನೆ. ಆರನ್‌ನ ಮನೆ ಇನ್ನೂ ಇದೆ ಅಂತ ಎಲ್ಲೋ ಓದಿದ ನೆನಪು.

ಹಳೇಕಡತ · ಶುಕ್ರವಾರ ಬೆಳಗ್ಗೆ

ಹಾಗೆ ಕರೆಯುತ್ತಿದ್ದ ಕಲ್ಲಿನ ಮನೆ ಇದೆ, ಆದರೆ ಅದು ಅವನದಲ್ಲ. ಈಗ ನಾರ್ಮನ್ ಹೌಸ್ ಎನ್ನುತ್ತಾರೆ. ಅಲ್ಲೇ ಕೆಳಗೆ ‘ಜ್ಯೂಸ್ ಹೌಸ್’ (ಯಹೂದಿಯ ಮನೆ) ಇದೆ, 12ನೇ ಶತಮಾನದ್ದು, ಬಾಗಿಲ ಮೇಲಿನ ಕಮಾನಿನ ಕೆತ್ತನೆ ನೋಡಿ. ದೊಡ್ಡ ಚರ್ಚಿನೊಳಗೆ ಆ ಹುಡುಗ ಹ್ಯೂನ ಸಮಾಧಿಯ ಹತ್ತಿರ, ಆ ಕಥೆ ಸುಳ್ಳು ಎಂದು ಬರೆದ ಫಲಕವನ್ನೂ ಓದಿ. ರಸ್ತೆಯ ಹೆಸರು ಸ್ಟೀಪ್ ಹಿಲ್. ಹೆಸರಿಗೆ ತಕ್ಕ ಹಾಗೇ ಇದೆ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಹೋಗಿ.